ಸಿ. ಅಶ್ವಥ್

ಸಿ. ಅಶ್ವಥ್ (29 ಡಿಸೆಂಬರ್ 1939 – 29 ಡಿಸೆಂಬರ್ 2009) ಕನ್ನಡದ ಹೆಸರಾಂತ ಗಾಯಕರು, ಸುಗಮ ಸಂಗೀತ ಸಂಯೋಜಕರು ಹಾಗೂ ಚಲನಚಿತ್ರ ಸಂಗೀತ ನಿರ್ದೇಶಕರು. ಶಿಶುನಾಳ ಶರೀಫರ ತತ್ತ್ವಪದಗಳನ್ನು ಮನೆಮನೆಗೆ ತಲುಪಿಸಿದವರಲ್ಲಿ ಇವರು ಪ್ರಮುಖರು. ಕುವೆಂಪು, ದ.ರಾ. ಬೇಂದ್ರೆ, ಕೆ.ಎಸ್. ನರಸಿಂಹಸ್ವಾಮಿ, ಜಿ.ಎಸ್. ಶಿವರುದ್ರಪ್ಪ ಮೊದಲಾದವರ ಕವಿತೆಗಳಿಗೆ ರಾಗ ಸಂಯೋಜಿಸಿ ಹಾಡಿದರು. ಆಕಾಶವಾಣಿ ಹಾಗೂ ಸಣ್ಣ ಸಭಾಂಗಣಗಳ ಕಲೆಯಾಗಿದ್ದ ಭಾವಗೀತೆಯನ್ನು ಬಯಲಿನ ಜನಸಮೂಹದ ಮುಂದೆ ನಿಲ್ಲಿಸಿದ ಕೀರ್ತಿಯೂ ಇವರಿಗೆ ಸಲ್ಲುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ಅಶ್ವಥ್ ಜನಿಸಿದ್ದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ವಿಜ್ಞಾನ ಪದವಿ ಪಡೆದರು. ದೇವಗಿರಿ ಶಂಕರ ಜೋಶಿ ಅವರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಅಭ್ಯಾಸ ಮಾಡಿದರು. ಸಂಗೀತವು ಇವರ ಜೀವನೋಪಾಯವಾಗಿರಲಿಲ್ಲ. ಬೆಂಗಳೂರಿನ ಭಾರತೀಯ ದೂರವಾಣಿ ಕಾರ್ಖಾನೆಯಲ್ಲಿ (ಐ.ಟಿ.ಐ.) ಎರಡೂವರೆ ದಶಕಕ್ಕೂ ಹೆಚ್ಚು ಕಾಲ ಉದ್ಯೋಗದಲ್ಲಿದ್ದರು. ಇವರ ಮೊದಲ ಚಿತ್ರಗಳ ಸಂಗೀತವೆಲ್ಲ ಕಾರ್ಖಾನೆಯ ನೌಕರಿಯ ಜೊತೆಜೊತೆಗೇ ರೂಪುಗೊಂಡಿತೆಂಬುದು ಗಮನಾರ್ಹ.

ಚಲನಚಿತ್ರ ಸಂಗೀತ

ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ನಾಟಕವನ್ನು ಆಧರಿಸಿ ಸಿ.ಆರ್. ಸಿಂಹ ನಿರ್ದೇಶಿಸಿದ 'ಕಾಕನ ಕೋಟೆ' (1977) ಚಿತ್ರದ ಮೂಲಕ ಅಶ್ವಥ್ ಸಂಗೀತ ನಿರ್ದೇಶಕರಾದರು. ಅನಂತರ ಎಲ್. ವೈದ್ಯನಾಥನ್ ಅವರೊಡನೆ ಸೇರಿ 'ಅಶ್ವಥ್–ವೈದಿ' ಎಂಬ ಜೋಡಿ ಹೆಸರಿನಲ್ಲಿ 'ಅನುಪಮ', 'ಆಲೆಮನೆ' ಮುಂತಾದ ಚಿತ್ರಗಳಿಗೆ ಸಂಗೀತ ನೀಡಿದರು. ಈ ವೈದ್ಯನಾಥನ್ ಅವರೇ ಮುಂದೆ ಶಂಕರ್ ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ದೂರದರ್ಶನ ಧಾರಾವಾಹಿಯ ಸಂಗೀತದಿಂದ ದೇಶದಾದ್ಯಂತ ಪರಿಚಿತರಾದರು.

ಟಿ.ಎಸ್. ನಾಗಾಭರಣ ಅವರ ಚಿತ್ರಗಳಲ್ಲಿ ಅಶ್ವಥ್ ಅವರ ಪ್ರತಿಭೆ ಪೂರ್ಣವಾಗಿ ಪ್ರಕಟವಾಯಿತೆನ್ನಬಹುದು. 'ಸಂತ ಶಿಶುನಾಳ ಶರೀಫ' (1990), 'ಮೈಸೂರು ಮಲ್ಲಿಗೆ' (1992), 'ಚಿನ್ನಾರಿ ಮುತ್ತ' (1993) ಮತ್ತು 'ನಾಗಮಂಡಲ' (1997) ಇವುಗಳಲ್ಲಿ ಮುಖ್ಯವಾದವು. 'ಮೈಸೂರು ಮಲ್ಲಿಗೆ'ಯ ಗೀತೆಗಳಿಗಾಗಿ ಕೆ.ಎಸ್. ನರಸಿಂಹಸ್ವಾಮಿ ಅವರಿಗೆ ಅತ್ಯುತ್ತಮ ಗೀತರಚನೆಯ ರಾಷ್ಟ್ರಪ್ರಶಸ್ತಿ ದೊರೆಯಿತು.

ಗಾಯನ ಶೈಲಿ

ಅಶ್ವಥ್ ಅವರದು ತಾರಸ್ಥಾಯಿಯಲ್ಲಿ ನಿರಾಯಾಸವಾಗಿ ನಿಲ್ಲುವ, ಸ್ವಲ್ಪ ಒರಟಾದ, ಬಿಚ್ಚುಕಂಠ. ಪಿ. ಕಾಳಿಂಗರಾವ್ ಹಾಗೂ ಮೈಸೂರು ಅನಂತಸ್ವಾಮಿ ಅವರ ಹಾದಿಯಲ್ಲೇ ಬಂದರೂ ಇವರ ಸಂಯೋಜನೆಗಳಲ್ಲಿ ವಾದ್ಯವೃಂದಕ್ಕೂ ಸಮೂಹ ಗಾಯನಕ್ಕೂ ಹೆಚ್ಚಿನ ಸ್ಥಾನವಿದೆ. ಇಂತಹ ಅಬ್ಬರದ ಹಿಮ್ಮೇಳದಲ್ಲಿ ಕವಿತೆಯ ಸೂಕ್ಷ್ಮಗಳು ಮಸುಕಾಗುತ್ತವೆಂಬ ಆಕ್ಷೇಪ ಸುಗಮ ಸಂಗೀತದ ವಲಯದಲ್ಲಿ ಹಳೆಯದು. ಶರೀಫರ ಪದಗಳ ಮಟ್ಟಿಗಾದರೂ ಈ ಆಕ್ಷೇಪ ನಿಲ್ಲುವುದಿಲ್ಲ. ಅವು ಏಕತಾರಿ, ದಮ್ಮಡಿಗಳೊಡನೆ ಭಜನೆಯ ಮೇಳಗಳಲ್ಲಿ ಗಟ್ಟಿದನಿಯಿಂದ ಹಾಡಿಕೊಂಡು ಬಂದ ಪದಗಳು. ಅಶ್ವಥ್ ಅವರ ಕಂಠ ಅವುಗಳಿಗೆ ಹೊಂದಿಕೊಂಡಿತು.

ಕನ್ನಡವೇ ಸತ್ಯ

2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ' ಅಶ್ವಥ್ ಅವರ ವೃತ್ತಿಜೀವನದ ಅತಿ ದೊಡ್ಡ ಕಾರ್ಯಕ್ರಮ. ಒಂದು ಲಕ್ಷಕ್ಕೂ ಮಿಕ್ಕ ಜನ ಸೇರಿದ್ದರೆಂದು ವರದಿಯಾಯಿತು. ಚಿತ್ರತಾರೆಯರ ನೃತ್ಯವನ್ನಾಗಲಿ ಜನಪ್ರಿಯ ಚಿತ್ರಗೀತೆಗಳನ್ನಾಗಲಿ ನೆಚ್ಚಿಕೊಳ್ಳದೆ, ಕನ್ನಡ ಕವಿಗಳ ರಚನೆಗಳನ್ನೇ ಮುಂದಿಟ್ಟು ಅಷ್ಟು ದೊಡ್ಡ ಮೈದಾನವನ್ನು ತುಂಬಿಸಿದ್ದು ಅದುವರೆಗೆ ಕಾಣದ ಸಂಗತಿಯಾಗಿತ್ತು.

ಧ್ವನಿಮುದ್ರಣಗಳು

ಅಶ್ವಥ್ ಅವರ ಗಾಯನ ನಾಡಿನಲ್ಲಿ ಹರಡಿದ್ದು ಮುಖ್ಯವಾಗಿ ಕ್ಯಾಸೆಟ್‌ಗಳ ಮೂಲಕ. ಅವು ಮುಂದೆ ಸಿ.ಡಿ.ಗಳಾಗಿಯೂ ಅಂತರಜಾಲದ ಕಡತಗಳಾಗಿಯೂ ಮರುಬಿಡುಗಡೆಗೊಂಡವು. 'ಕನ್ನಡವೇ ಸತ್ಯ'ದ ದೃಶ್ಯ ತುಣುಕುಗಳೂ ಅಂತರಜಾಲದಲ್ಲಿ ಲಭ್ಯವಿವೆ.

ಮರುಬಿಡುಗಡೆಯಲ್ಲಿ ಎರಡು ಬಗೆಗಳುಂಟು. ಗಾಯಕನ ದನಿ ಹಾಗೂ ಒಂದೊಂದು ವಾದ್ಯವೂ ಬೇರೆಬೇರೆ ವಾಹಿನಿಗಳಲ್ಲಿ ಮುದ್ರಿತವಾದ ಮೂಲ ಟೇಪು ಉಳಿದಿದ್ದರೆ ಅವುಗಳ ಪ್ರಮಾಣವನ್ನು ಹೊಸದಾಗಿ ಹೊಂದಿಸಿ ಮರುಮಿಶ್ರಣ ಮಾಡಬಹುದು. ಎಲ್ಲವೂ ಬೆರೆತ ಎರಡು ವಾಹಿನಿಗಳ ಪ್ರತಿ ಮಾತ್ರ ಉಳಿದಿದ್ದರೆ ಸದ್ದನ್ನು ಶುದ್ಧೀಕರಿಸಬಹುದೇ ಹೊರತು ಹಿಮ್ಮೇಳದಲ್ಲಿ ಮುಳುಗಿದ ದನಿಯನ್ನು ಮೇಲೆತ್ತುವುದು ಕಷ್ಟ. ಇತ್ತೀಚಿನ ಗಣಕ ತಂತ್ರಾಂಶಗಳು ಈ ಕೆಲಸವನ್ನು ಸ್ವಲ್ಪಮಟ್ಟಿಗೆ ಸಾಧ್ಯವಾಗಿಸಿವೆ. ಅಮೆರಿಕದ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿ 1973ರಲ್ಲಿ ಹವಾಯಿಯಲ್ಲಿ ನಡೆಸಿದ, ಉಪಗ್ರಹದ ಮೂಲಕ ದೂರದರ್ಶನದಲ್ಲಿ ಪ್ರಸಾರವಾದ ಕಛೇರಿಯು ಐವತ್ತು ವರ್ಷಗಳ ನಂತರ, 2023ರಲ್ಲಿ, ಮೊದಲನೆಯ ವಿಧಾನದಲ್ಲಿ ಮರುಮಿಶ್ರಣಗೊಂಡು ಹೊರಬಂದಿತು. ನೂರಾರು ಕಂಠಗಳೂ ವಾದ್ಯಗಳೂ ಒಟ್ಟಿಗೆ ಮೊಳಗುವ ಬಯಲು ಕಾರ್ಯಕ್ರಮಗಳಿಗೆ ಈ ಕಾರಣದಿಂದಲೇ ಮೂಲ ಟೇಪುಗಳ ಸಂರಕ್ಷಣೆ ಮುಖ್ಯ. ಹಳೆಯ ಹಾಡಿಗೆ ಹೊಸ ತಾಳದ ಬಡಿತವನ್ನು ಸೇರಿಸುವುದನ್ನೂ ಆಡುಮಾತಿನಲ್ಲಿ ರೀಮಿಕ್ಸ್ ಎನ್ನುವುದುಂಟು. ಅದು ಬೇರೆಯೇ ಸಂಗತಿ.

ನಿಧನ

ಅನಾರೋಗ್ಯದಿಂದ ಬೆಂಗಳೂರಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಅಶ್ವಥ್, 2009ರ ಡಿಸೆಂಬರ್ 29ರಂದು, ತಮಗೆ 70 ವರ್ಷ ತುಂಬಿದ ದಿನವೇ ನಿಧನರಾದರು. ಮರುದಿನ ನಟ ವಿಷ್ಣುವರ್ಧನ್ ತೀರಿಕೊಂಡರು. ಎರಡು ದಿನಗಳಲ್ಲಿ ನಾಡು ಇಬ್ಬರು ಜನಪ್ರಿಯ ಕಲಾವಿದರನ್ನು ಕಳೆದುಕೊಂಡಿತು.

ನಾಡಗೀತೆಯ ಧಾಟಿ

ಕುವೆಂಪು ಅವರ ಕವಿತೆಯನ್ನು ಕರ್ನಾಟಕ ಸರ್ಕಾರವು 2004ರ ಜನವರಿಯಲ್ಲಿ ನಾಡಗೀತೆಯೆಂದು ಘೋಷಿಸಿತಾದರೂ ಅದನ್ನು ಹಾಡಬೇಕಾದ ಧಾಟಿಯ ಪ್ರಶ್ನೆ ಬಹುಕಾಲ ಬಗೆಹರಿಯಲಿಲ್ಲ. ಮೈಸೂರು ಅನಂತಸ್ವಾಮಿ ಅವರ ಧಾಟಿ ಹಾಗೂ ಅಶ್ವಥ್ ಅವರ ಧಾಟಿ ಎರಡೂ ಬಳಕೆಯಲ್ಲಿದ್ದವು. ಗಾಯಕಿ ಎಚ್.ಆರ್. ಲೀಲಾವತಿ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 2022ರಲ್ಲಿ ಸರ್ಕಾರವು ಅನಂತಸ್ವಾಮಿ ಅವರ ಧಾಟಿಯನ್ನು ಅಂಗೀಕರಿಸಿ, ಗಾಯನದ ಅವಧಿಯನ್ನು 2 ನಿಮಿಷ 30 ಸೆಕೆಂಡುಗಳೆಂದು ನಿಗದಿಪಡಿಸಿತು. ಆ ವೇಳೆಗೆ ಇಬ್ಬರು ಸಂಯೋಜಕರೂ ಬದುಕಿರಲಿಲ್ಲ.

ಈ ಆದೇಶವನ್ನು ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಕವಿತೆಗೆ ಪೂರ್ಣವಾಗಿ ರಾಗ ಸಂಯೋಜಿಸಿದವರು ಅಶ್ವಥ್ ಎಂಬುದು ಅವರ ವಾದವಾಗಿತ್ತು. ನ್ಯಾಯಾಲಯವು 2024ರಲ್ಲಿ ಅರ್ಜಿಯನ್ನು ವಜಾಗೊಳಿಸಿತು.