ಫ್ಲಾರೆನ್ಸ್ ನೈಟಿಂಗೇಲ್: ಕಣ್ಣಿಟ್ಟು ನೋಡಿದ ನರ್ಸ್

ಫ್ಲಾರೆನ್ಸ್ ನೈಟಿಂಗೇಲ್ ಅವರು 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದರು. ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಶ್ರೀಮಂತ ಇಂಗ್ಲಿಷ್ ಮನೆತನ. ಮಗಳು ನರ್ಸ್ ಆಗುವುದು ಮನೆಯವರಿಗೆ ಇಷ್ಟವಿರಲಿಲ್ಲ. ಆದರೂ ಆದರು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳಿಗಾಗಿ 38 ಮಹಿಳೆಯರೊಂದಿಗೆ ತುರ್ಕಿಯ ಸ್ಕುಟಾರಿಗೆ ಹೋದರು. ಅಲ್ಲಿ ಗಾಯಕ್ಕಿಂತ ಕಾಲರಾ, ಭೇದಿ, ಜ್ವರದಿಂದ ಸತ್ತವರೇ ಹೆಚ್ಚು. ಇದನ್ನು ಅಂಕಿಅಂಶಗಳ ಚಿತ್ರ ಬರೆದು ಸರ್ಕಾರಕ್ಕೆ ತೋರಿಸಿದರು. ನಾವು ಕಾಮರ್ಸ್‌ನವರು ಬೇಸರದಿಂದ ಬರೆಯುವ ಚಿತ್ರಗಳಂಥವೇ ಅವು!

1859ರ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವುದರ ಬಗ್ಗೆಯೇ ಒಂದು ಅಧ್ಯಾಯವಿದೆ. ನಿದ್ದೆ ಚೆನ್ನಾಗಿ ಬಂತೇ ಎಂದು ಕೇಳಿದರೆ ಸಾಲದು. ಎಷ್ಟು ಗಂಟೆ, ಯಾವ ಹೊತ್ತಿನಲ್ಲಿ ಎಂದು ಕೇಳಬೇಕು. ರೋಗಿ ಊಟ ಬಿಟ್ಟರೆ ಹಸಿವಿಲ್ಲವೋ, ಅಡುಗೆ ಸರಿಯಿಲ್ಲವೋ, ಕೊಟ್ಟ ಹೊತ್ತು ತಪ್ಪೋ ಎಂದು ನೋಡಬೇಕು.

ಕಳೆದ ವರ್ಷ ಪೀಣ್ಯದಲ್ಲಿ ಕೆಲಸ ಮಾಡುವ ನಮ್ಮ ಅಬ್ಬಾಗೆ ಹೊಟ್ಟೆಯ ಆಪರೇಷನ್ ಆಯಿತು. ರಾತ್ರಿ ಸಿಸ್ಟರ್ ಕೇಳಿದಾಗ ಅಬ್ಬಾ ಎಲ್ಲಾ ಚೆನ್ನಾಗಿದೆ ಎಂದುಬಿಟ್ಟರು. ಸಿಸ್ಟರ್ ನಂಬಲಿಲ್ಲ. ನಾಡಿ ಹಿಡಿದರು, ಚಾದರ ಸರಿಸಿ ನೋಡಿದರು, ತಕ್ಷಣ ಡಾಕ್ಟರನ್ನು ಕರೆಸಿದರು. ಬ್ಯಾಂಡೇಜ್ ಒಳಗೆ ರಕ್ತ ಸೋರುತ್ತಿತ್ತು.

ನೈಟಿಂಗೇಲ್ ಭಾರತಕ್ಕೆ ಬರಲೇ ಇಲ್ಲ. ಆದರೆ ಇಲ್ಲಿನ ಸೇನಾ ಠಾಣೆಗಳ ವರದಿಗಳನ್ನು ಓದಿ, ಬೆಂಗಳೂರಿನ ಬಜಾರಿನ ಕೊಳಚೆ ಹಲಸೂರು ಕೆರೆಗೆ ಸೇರುತ್ತಿದೆ, ಅದೇ ನೀರನ್ನು ಜನ ಕುಡಿಯುತ್ತಿದ್ದಾರೆ ಎಂದು 1863ರಲ್ಲೇ ಎಚ್ಚರಿಸಿದರು. ಅದಕ್ಕೂ ಮೊದಲು, 1860ರಲ್ಲಿ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ತೆರೆದಿದ್ದರು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು.