ಸ್ನೇಹಲತಾ ರೆಡ್ಡಿ

1947ರ ತರುವಾಯ ಅಮೆರಿಕದ ಹಾಲಿವುಡ್‌ನಲ್ಲಿ, ಕಮ್ಯುನಿಸ್ಟರೆಂಬ ಶಂಕೆಗೆ ಒಳಗಾದ ಅನೇಕ ಲೇಖಕರೂ ನಟರೂ ನಿರ್ದೇಶಕರೂ ಕೆಲಸ ಕಳೆದುಕೊಂಡರು. ಹತ್ತು ಮಂದಿ ಸೆರೆಮನೆಯನ್ನೂ ಕಂಡರು. ಅವರು ಮಾಡಿದ ಕೃತ್ಯಕ್ಕಿಂತ ಅವರ ವಿಚಾರ ಹಾಗೂ ಒಡನಾಟಗಳೇ ಅಲ್ಲಿ ಅಪರಾಧವೆನಿಸಿದ್ದುವು. ಕನ್ನಡದ ಒಬ್ಬ ಚಿತ್ರನಟಿಗೆ ಇದಕ್ಕಿಂತಲೂ ಕಠಿಣವಾದ ಗತಿ ಒದಗಿತು.

1932ರಲ್ಲಿ ಜನಿಸಿದ ಸ್ನೇಹಲತಾ ಅವರು ಮದರಾಸಿನ ಇಂಗ್ಲಿಷ್ ರಂಗಭೂಮಿಯಲ್ಲಿ ಹೆಸರು ಪಡೆದಿದ್ದರು. 'ಮದ್ರಾಸ್ ಪ್ಲೇಯರ್ಸ್' ತಂಡದ ಸ್ಥಾಪಕರಲ್ಲಿ ಒಬ್ಬರು. ಪತಿ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ ಹಾಗೂ ಚಿತ್ರ ನಿರ್ದೇಶಕರು. ದಂಪತಿಗಳಿಬ್ಬರೂ ರಾಮಮನೋಹರ ಲೋಹಿಯಾ ಅವರ ಸಮಾಜವಾದಕ್ಕೆ ಒಲಿದವರು. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನಾಧರಿಸಿ ಪಟ್ಟಾಭಿರಾಮರು 1970ರಲ್ಲಿ ತೆರೆಗೆ ತಂದ 'ಸಂಸ್ಕಾರ' ಚಿತ್ರದಲ್ಲಿ ಸ್ನೇಹಲತಾ ಚಂದ್ರಿಯಾದರು. ಮದರಾಸಿನ ಸೆನ್ಸಾರ್ ಮಂಡಳಿ ತಡೆದಿದ್ದ ಆ ಚಿತ್ರಕ್ಕೇ ಮುಂದೆ ರಾಷ್ಟ್ರಪತಿಗಳ ಸ್ವರ್ಣಕಮಲ ದೊರೆಯಿತು. ಮುರಗೋಡದಲ್ಲಿ ಕಂಪನಿ ನಾಟಕಗಳ ಏರುದನಿಯ ಮಾತು ಕೇಳುತ್ತ ಬೆಳೆದ ನನಗೆ, ಮಿತಭಾಷಿಯಾದ ಆ ಚಂದ್ರಿ ಮೊದಲು ನಟಿಯೆಂದೇ ತೋರಲಿಲ್ಲ. ಯಾರದೋ ಮನೆಯ ಹೆಣ್ಣುಮಗಳನ್ನು ಕಂಡಂತಾಗಿತ್ತು.

1975ರ ಜೂನ್ 25ರಂದು ದೇಶದಲ್ಲಿ ತುರ್ತುಪರಿಸ್ಥಿತಿ ಜಾರಿಗೆ ಬಂದಿತು. ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸರು ಭೂಗತರಾದರು. ಅವರು ರೆಡ್ಡಿ ದಂಪತಿಗಳ ಆಪ್ತಮಿತ್ರರು. 1976ರ ಮೇ 2ರಂದು ಸ್ನೇಹಲತಾ ಅವರನ್ನು ಬಂಧಿಸಲಾಯಿತು. ಸರ್ಕಾರಿ ಆಸ್ತಿಗಳನ್ನು ಸ್ಫೋಟಿಸಲು ಸಂಚು ನಡೆದಿದೆಯೆಂಬ ಬರೋಡಾ ಡೈನಮೈಟ್ ಪ್ರಕರಣದೊಡನೆ ಅವರ ಹೆಸರನ್ನು ಜೋಡಿಸಲಾಗಿತ್ತು. ಆದರೆ ನ್ಯಾಯಾಲಯಕ್ಕೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ! ಹಾಗಿದ್ದರೂ ಬಿಡುಗಡೆಯಾಗಲಿಲ್ಲ. ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಅವಕಾಶವಿದ್ದ 'ಮೀಸಾ' ಕಾಯಿದೆ ಅಧಿಕಾರಿಗಳ ಕೈಯಲ್ಲಿತ್ತು.

ಬೆಂಗಳೂರಿನ ಕೇಂದ್ರ ಕಾರಾಗೃಹದ ಒಂಟಿ ಕೋಣೆಯಲ್ಲಿ ಅವರ ಹಳೆಯ ಉಬ್ಬಸ ಉಲ್ಬಣಿಸಿತು. ರಾತ್ರಿಯ ನಿಶ್ಶಬ್ದದಲ್ಲಿ ಅವರ ನರಳಾಟವು, ಅದೇ ಸೆರೆಮನೆಯಲ್ಲಿದ್ದ ಮಧು ದಂಡವತೆಯವರ ಕಿವಿಗೂ ಬೀಳುತ್ತಿತ್ತು. ತಕ್ಕ ಚಿಕಿತ್ಸೆ ದೊರೆಯಲಿಲ್ಲ. ತಮ್ಮ ಸ್ಥಿತಿಯೇ ಹೀಗಿರುವಾಗ ಅವರು ಇತರ ಬಂದಿಗಳ ಪರವಾಗಿ ನಿಂತರು. ಅಲ್ಲಿನ ಹೆಣ್ಣು ಕೈದಿಗಳನ್ನು ಹೊಡೆಯುವುದನ್ನು ಪ್ರತಿಭಟಿಸಿದರು. ಅವರ ಅನ್ನ ಸುಧಾರಿಸಬೇಕೆಂದು ಹಟ ಹಿಡಿದರು. ಹಾಡು, ಆಟಗಳನ್ನು ಕಲಿಸಿದರು. ಮದರಾಸಿನ ರಂಗದ ಮೇಲೆ ಮೆರೆದ ಕಲಾವಿದೆಗೆ ಕಡೆಯ ದಿನಗಳಲ್ಲಿ ಒದಗಿದ ಒಡನಾಡಿಗಳು ಇವರೇ.

ಎಂಟು ತಿಂಗಳ ಬಳಿಕ, ದೇಹ ಪೂರ್ಣ ಜರ್ಝರಿತವಾದಾಗ, 1977ರ ಜನವರಿ 15ರಂದು ಪೆರೋಲ್ ಮೇಲೆ ಅವರನ್ನು ಮನೆಗೆ ಕಳುಹಿಸಲಾಯಿತು. ಐದೇ ದಿನಗಳಲ್ಲಿ, ಜನವರಿ 20ರಂದು, ಅವರು ತೀರಿಕೊಂಡರು. ಎರಡು ತಿಂಗಳು ಕಳೆದು, ಮಾರ್ಚ್ 21ರಂದು ತುರ್ತುಪರಿಸ್ಥಿತಿ ಕೊನೆಗೊಂಡಿತು. ಸೆರೆಯಲ್ಲಿ ಅವರು ಬರೆದಿಟ್ಟಿದ್ದ ದಿನಚರಿ ಅದೇ ವರ್ಷ ಅಚ್ಚಾಯಿತು.