ಜಾನ್ ಸಿಂಗರ್ ಸಾರ್ಜೆಂಟ್: ಬಾಸ್ಟನ್ ಸಾರ್ವಜನಿಕ ಗ್ರಂಥಾಲಯದ ಭಿತ್ತಿಚಿತ್ರಗಳು ಮತ್ತು ಬರಿದಾಗಿ ಉಳಿದ ಗೋಡೆ

1

ಸಾರ್ವಜನಿಕ ಗ್ರಂಥಾಲಯವೆಂದೊಡನೆ ಪುಸ್ತಕಗಳ ಸಂಗ್ರಹವೇ ನೆನಪಿಗೆ ಬರುವುದು ಸಹಜ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ನಗರಗಳು ಕಟ್ಟಿದ ಕೆಲವು ಗ್ರಂಥಾಲಯಗಳು ಈ ಕಲ್ಪನೆಯನ್ನು ವಿಸ್ತರಿಸಿದವು. ಅಲ್ಲಿ ಗೋಡೆ, ಮೆಟ್ಟಿಲು, ಛಾವಣಿಗಳೂ ಓದಿಗೆ ಒದಗುವ ಪುಟಗಳಾದವು. ಬಾಸ್ಟನ್ ನಗರದ ಸಾರ್ವಜನಿಕ ಗ್ರಂಥಾಲಯ ಇದಕ್ಕೆ ಪ್ರಮುಖ ನಿದರ್ಶನ. 1848ರಲ್ಲಿ ಸ್ಥಾಪನೆಗೊಂಡು 1854ರಲ್ಲಿ ಓದುಗರಿಗೆ ತೆರೆದುಕೊಂಡ ಈ ಸಂಸ್ಥೆಯು 1895ರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಫಾಲೆನ್ ಮೆಕಿಮ್ ರೂಪಿಸಿದ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಪ್ರವೇಶವು ಎಲ್ಲರಿಗೂ ಮುಕ್ತವೆಂಬ ಘೋಷಣೆಯನ್ನು ಅದರ ಮುಖ್ಯದ್ವಾರದ ಮೇಲೆಯೇ ಕೆತ್ತಲಾಗಿದೆ.

ಈ ಕಟ್ಟಡದ ಮೂರನೆಯ ಅಂತಸ್ತಿನ ಸಭಾಂಗಣದಲ್ಲಿ ಜಾನ್ ಸಿಂಗರ್ ಸಾರ್ಜೆಂಟ್ ರಚಿಸಿದ ಭಿತ್ತಿಚಿತ್ರಮಾಲೆಯಿದೆ. ‘ಧರ್ಮದ ವಿಜಯ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಮಾಲೆಯ ಕೆಲಸ 1890ರಲ್ಲಿ ಆರಂಭವಾಗಿ 1919ರವರೆಗೆ ನಡೆಯಿತು. ಆದರೂ ಅದು ಪೂರ್ಣಗೊಳ್ಳಲಿಲ್ಲ. ಭಾವಚಿತ್ರಕಾರನಾಗಿ ಜಗತ್ತಿಗೆ ಪರಿಚಿತನಾದ ಈ ಕಲಾವಿದನ ಬದುಕನ್ನು ಅವನು ಮುಗಿಸಲಾಗದ ಕೃತಿಯ ಮೂಲಕ ನೋಡಿದಾಗ, ಸಾರ್ವಜನಿಕ ಸ್ಥಳದಲ್ಲಿರುವ ಕಲಾಕೃತಿಯ ಅರ್ಥವನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಮುನ್ನೆಲೆಗೆ ಬರುತ್ತದೆ.

2

ಸಾರ್ಜೆಂಟ್ 1856ರ ಜನವರಿ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದನು. ತಂದೆ ಫಿಟ್ಸ್‌ವಿಲಿಯಂ ಸಾರ್ಜೆಂಟ್ ಫಿಲಡೆಲ್ಫಿಯದಲ್ಲಿ ವೈದ್ಯವೃತ್ತಿ ನಡೆಸಿದವನು. ತಾಯಿ ಮೇರಿ ನ್ಯೂಬೋಲ್ಡ್ ಸಿಂಗರ್. ಸ್ವದೇಶವನ್ನು ತೊರೆದ ಈ ದಂಪತಿಗಳು ಋತುವಿಗೊಂದು ಊರಿನಂತೆ ಯೂರೋಪಿನಾದ್ಯಂತ ಸಂಚರಿಸುತ್ತಿದ್ದುದರಿಂದ ಬಾಲಕನಿಗೆ ಕ್ರಮಬದ್ಧವಾದ ಶಾಲಾಶಿಕ್ಷಣ ದೊರೆಯಲಿಲ್ಲ. ಅದರ ಬದಲಿಗೆ ಹಲವು ಭಾಷೆಗಳು, ಸಂಗೀತ, ಚರ್ಚುಗಳ ಮತ್ತು ವಸ್ತುಸಂಗ್ರಹಾಲಯಗಳ ನಿಕಟ ಪರಿಚಯ ಲಭಿಸಿದವು. 1874ರಲ್ಲಿ ಪ್ಯಾರಿಸ್ಸಿನಲ್ಲಿ ಕಾರೊಲ್ಯು ದ್ಯುರಾನ್ ಎಂಬ ಭಾವಚಿತ್ರಕಾರನ ಶಿಷ್ಯನಾದನು. ಅಮೆರಿಕದ ಪ್ರಜೆಯಾಗಿದ್ದರೂ ಆ ದೇಶವನ್ನು ಅವನು ಮೊದಲು ಕಂಡದ್ದು 1876ರಲ್ಲಿ, ಇಪ್ಪತ್ತರ ಹರೆಯದಲ್ಲಿ.

1884ರ ಪ್ಯಾರಿಸ್ ಪ್ರದರ್ಶನದಲ್ಲಿ ಸಾರ್ಜೆಂಟ್ ಮದಾಮ್ ಗೋತ್ರೋ ಎಂಬ ಮಹಿಳೆಯ ಭಾವಚಿತ್ರವನ್ನು ಇರಿಸಿದನು. ಮುಂದೆ ‘ಮದಾಮ್ ಎಕ್ಸ್’ ಎಂಬ ಹೆಸರಿನಿಂದ ವಿಶ್ವಖ್ಯಾತವಾದ ಈ ಚಿತ್ರದಲ್ಲಿ ಉಡುಪಿನ ಒಂದು ಪಟ್ಟಿ ಭುಜದಿಂದ ಜಾರಿದಂತೆ ಚಿತ್ರಿತವಾಗಿತ್ತು. ಪ್ರೇಕ್ಷಕರ ಆಕ್ಷೇಪ ತೀವ್ರವಾಯಿತು. ಪ್ರದರ್ಶನದ ಬಳಿಕ ಸಾರ್ಜೆಂಟ್ ಆ ಪಟ್ಟಿಯನ್ನು ಭುಜದ ಮೇಲೇರಿಸಿ ಪುನಃ ಚಿತ್ರಿಸಿದನು. 1886ರಲ್ಲಿ ಲಂಡನ್ನಿನಲ್ಲಿ ನೆಲೆಸಿ, ಮುಂದಿನ ಎರಡು ದಶಕಗಳಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕದ ಶ್ರೀಮಂತವರ್ಗದ ಅತ್ಯಂತ ಬೇಡಿಕೆಯ ಭಾವಚಿತ್ರಕಾರನೆನಿಸಿದನು. ನೋಡುಗರ ಒತ್ತಡಕ್ಕೆ ಮಣಿದು ಕೃತಿಯನ್ನು ತಿದ್ದಿದ ಈ ಪ್ರಸಂಗಕ್ಕೂ ಮೂರೂವರೆ ದಶಕಗಳ ನಂತರ ಬಾಸ್ಟನ್ನಿನಲ್ಲಿ ಅವನು ತಳೆದ ನಿಲುವಿಗೂ ಇರುವ ವ್ಯತ್ಯಾಸವನ್ನು ಮುಂದೆ ಗಮನಿಸಬಹುದಾಗಿದೆ.

3

1890ರಲ್ಲಿ ಮೆಕಿಮ್ ಮತ್ತು ಅವನ ಸಹವರ್ತಿಗಳು ಗ್ರಂಥಾಲಯದ ಅಲಂಕರಣದ ಕುರಿತು ಸಾರ್ಜೆಂಟ್ ಹಾಗೂ ಅವನ ಗೆಳೆಯ ಎಡ್ವಿನ್ ಆಸ್ಟಿನ್ ಆ್ಯಬಿಯೊಡನೆ ಮಾತುಕತೆ ನಡೆಸಿದರು. ಪುಸ್ತಕ ವಿತರಣೆಯ ಕೋಣೆಗೆ ಆ್ಯಬಿಯು ಪವಿತ್ರ ಪಾತ್ರೆಯ ಅನ್ವೇಷಣೆಯ ಕಥೆಯನ್ನು ಆಯ್ದುಕೊಂಡನು. ಮುಖ್ಯ ಸೋಪಾನದ ಗೋಡೆಗಳನ್ನು ಫ್ರಾನ್ಸಿನ ಪ್ಯೂವಿಸ್ ದ ಶವಾನ್‌ಗೆ ವಹಿಸಲಾಯಿತು. ಅವನು ಒಮ್ಮೆಯೂ ಬಾಸ್ಟನ್ನಿಗೆ ಬಾರದೆ ತನ್ನ ಚಿತ್ರಗಳನ್ನು ಫ್ರಾನ್ಸಿನಿಂದಲೇ ಕಳುಹಿಸಿದನು. ಸಾರ್ಜೆಂಟ್‌ಗೆ ದೊರೆತದ್ದು 84 ಅಡಿ ಉದ್ದ, 23 ಅಡಿ ಅಗಲ, 26 ಅಡಿ ಎತ್ತರದ ಮೇಲಂತಸ್ತಿನ ಸಭಾಂಗಣ. ಸ್ಪ್ಯಾನಿಷ್ ಸಾಹಿತ್ಯವನ್ನು ವಸ್ತುವಾಗಿಸಬೇಕೆಂಬ ಮೊದಲ ಆಲೋಚನೆಯನ್ನು ಬಿಟ್ಟು ಅವನು ಧರ್ಮದ ಇತಿಹಾಸವನ್ನು ಆರಿಸಿಕೊಂಡನು.

ಈ ಆಯ್ಕೆಯ ಹಿಂದೆ ದೀರ್ಘವಾದ ಅಧ್ಯಯನವಿತ್ತು. 1890–91ರ ಚಳಿಗಾಲದಲ್ಲಿ ಸಾರ್ಜೆಂಟ್ ಈಜಿಪ್ಟಿಗೆ ತೆರಳಿದನು. ಅನಂತರ ಗ್ರೀಸ್ ಮತ್ತು ತುರ್ಕಿಗಳಲ್ಲಿ ಸಂಚರಿಸಿದನು. ಇಸ್ರಾಯೇಲ್ ಜನಾಂಗದ ಇತಿಹಾಸವನ್ನು ಕುರಿತ ಅರ್ನೆಸ್ಟ್ ರೆನಾನನ ಬರೆಹಗಳು ಅವನ ಚಿಂತನೆಗೆ ಆಧಾರವಾದವು. 1893ರಲ್ಲಿ ಒಪ್ಪಂದವಾದಾಗ ನಿಗದಿಯಾದ ಸಂಭಾವನೆ 15,000 ಡಾಲರ್. ಯೋಜನೆ ವಿಸ್ತಾರಗೊಂಡಂತೆ ನಾಗರಿಕರು ವಂತಿಗೆಯ ಮೂಲಕ ಮತ್ತೆ 15,000 ಡಾಲರ್ ಕೂಡಿಸಿದರು. ಹೀಗೆ ಈ ಕೃತಿಗೆ ಆಡಳಿತ ಮಂಡಳಿಯ ಜೊತೆಗೆ ಊರಿನ ಜನರೂ ಪೋಷಕರಾದರು.

ಸಾರ್ಜೆಂಟ್ ಈ ಚಿತ್ರಗಳನ್ನು ಇಂಗ್ಲೆಂಡಿನಲ್ಲಿಯೇ ಕ್ಯಾನ್ವಾಸಿನ ಮೇಲೆ ರಚಿಸಿ, ಹಡಗಿನಲ್ಲಿ ಸಾಗಿಸಿ, ಗೋಡೆಗೆ ಅಂಟಿಸುವ ವಿಧಾನವನ್ನು ಅನುಸರಿಸಿದನು. ಬಣ್ಣದ ಜೊತೆಗೆ ಉಬ್ಬುಶಿಲ್ಪ ಹಾಗೂ ಹೊನ್ನಲೇಪವನ್ನು ಬಳಸಿದ್ದರಿಂದ ಚಿತ್ರ ಮತ್ತು ಶಿಲ್ಪಗಳ ನಡುವಣ ಗೆರೆ ಅಲ್ಲಲ್ಲಿ ಅಳಿಸಿಹೋಗಿದೆ. ಭಾವಚಿತ್ರಗಳಲ್ಲಿ ಕಾಣುವ ಅವನ ಕ್ಷಿಪ್ರ ಕುಂಚಗತಿಗೆ ಇಲ್ಲಿ ಅವಕಾಶವಿರಲಿಲ್ಲ.

4

ಮಾಲೆಯು ನಾಲ್ಕು ಹಂತಗಳಲ್ಲಿ ಪ್ರತಿಷ್ಠಾಪನೆಗೊಂಡಿತು. 1895ರಲ್ಲಿ ಉತ್ತರದ ತುದಿ ಸಿದ್ಧವಾಯಿತು. ಮೇಲೆ ಅಸ್ತಾರ್ತೆ, ಮೋಲೆಕ್ ಮೊದಲಾದ ಪ್ರಾಚೀನ ದೇವತೆಗಳು; ಅವುಗಳ ಕೆಳಗೆ ಈಜಿಪ್ಟ್ ಮತ್ತು ಅಸ್ಸೀರಿಯದ ಅರಸರ ದಬ್ಬಾಳಿಕೆಗೆ ಸಿಲುಕಿದ ಇಸ್ರಾಯೇಲರು; ಅದಕ್ಕೂ ಕೆಳಗೆ ಮೋಶೆಯನ್ನು ನಡುವಿನಲ್ಲಿರಿಸಿದ ಪ್ರವಾದಿಗಳ ಸಾಲು. ಈ ಪ್ರವಾದಿಗಳ ಚಿತ್ರಗಳು ಅಪಾರ ಜನಪ್ರಿಯತೆ ಗಳಿಸಿ ಮುದ್ರಿತ ಪ್ರತಿಗಳ ರೂಪದಲ್ಲಿ ವ್ಯಾಪಕವಾಗಿ ಹರಡಿದವು. 1903ರಲ್ಲಿ ಎದುರಿನ ದಕ್ಷಿಣದ ತುದಿಯಲ್ಲಿ ಕ್ರೈಸ್ತ ತ್ರಿತ್ವ ಮತ್ತು ಶಿಲುಬೆಯ ದೃಶ್ಯಗಳು ಕಾಣಿಸಿಕೊಂಡವು. ಶಿಲುಬೆಯ ಮೇಲಿನ ಕ್ರಿಸ್ತನಿಗೆ ಬಿಗಿದುಕೊಂಡಿರುವ ಆದಾಮ ಮತ್ತು ಹವ್ವರು ಅವನ ರಕ್ತವನ್ನು ಪಾತ್ರೆಗಳಲ್ಲಿ ಹಿಡಿಯುತ್ತಾರೆ.

ಈ ಅವಧಿಯಲ್ಲಿ ಕಲಾವಿದನ ಬದುಕೂ ತಿರುವು ಪಡೆಯಿತು. 1905ರಲ್ಲಿ ಮತ್ತಷ್ಟು ಅಧ್ಯಯನಕ್ಕಾಗಿ ಪ್ಯಾಲೆಸ್ತೀನಿಗೆ ತೆರಳಿದ್ದಾಗ, 1906ರ ಆರಂಭದಲ್ಲಿ ತಾಯಿಯ ಮರಣವಾರ್ತೆ ತಲುಪಿತು. 1907ರ ಸುಮಾರಿಗೆ ಅವನು ವೃತ್ತಿಪರ ಭಾವಚಿತ್ರಣವನ್ನು ಬಹುಮಟ್ಟಿಗೆ ಕೈಬಿಟ್ಟನು. ಅದೇ ವರ್ಷ ಬ್ರಿಟಿಷ್ ಸರ್ಕಾರ ನೀಡಬಂದ ನೈಟ್ ಪದವಿಯನ್ನು ಅಮೆರಿಕದ ಪ್ರಜೆಯೆಂಬ ಕಾರಣ ನೀಡಿ ನಿರಾಕರಿಸಿದನು. ಹಣ ಮತ್ತು ಕೀರ್ತಿ ತಂದ ಪ್ರಕಾರವನ್ನು ತೊರೆದು ಮಂದಗತಿಯ ಭಿತ್ತಿಚಿತ್ರಗಳತ್ತ ಹೊರಳಿದ್ದು, ತನ್ನ ಗಂಭೀರ ಸಾಧನೆಯನ್ನು ಅವನು ಎಲ್ಲಿ ನೆಲೆಗೊಳಿಸಬಯಸಿದನೆಂಬುದನ್ನು ಸೂಚಿಸುತ್ತದೆ.

1916ರಲ್ಲಿ ಮೂರನೆಯ ಹಂತದ ಚಿತ್ರಗಳು ಬಂದವು. ಪಶ್ಚಿಮದ ಗೋಡೆಯ ಕಮಾನುಗಳಲ್ಲಿ ನರಕ, ತೀರ್ಪು, ಸ್ವರ್ಗ. ಪೂರ್ವದಲ್ಲಿ ಗೋಗ್ ಮತ್ತು ಮಾಗೋಗರ ಪತನ, ಇಸ್ರಾಯೇಲ್ ಹಾಗೂ ಧರ್ಮಶಾಸ್ತ್ರ, ಮೆಸ್ಸೀಯನ ಯುಗ. ಕೊನೆಯದು ಯೆಶಾಯ ಪ್ರವಾದಿಯ ಕನಸನ್ನು ಆಧರಿಸಿ, ಕ್ರೂರಮೃಗವೂ ಕುರಿಮರಿಯೂ ಜೊತೆಗಿರುವ ಶಾಂತಿಯ ಕಾಲವನ್ನು ಕಾಣಿಸುತ್ತದೆ. ಯೆಹೂದಿ ಪರಂಪರೆಯು ಭವಿಷ್ಯದ ಭರವಸೆಯಾಗಿ ಇಲ್ಲಿ ಚಿತ್ರಿತವಾಗಿದೆ ಎಂಬುದು ಗಮನಾರ್ಹ.

5

1919ರಲ್ಲಿ ಪೂರ್ವದ ಗೋಡೆಗೆ ಎರಡು ಚಿತ್ರಗಳು ಸೇರ್ಪಡೆಯಾದವು: ‘ಸಿನಗಾಗ್’ ಮತ್ತು ‘ಚರ್ಚ್’. ಮೊದಲನೆಯದರಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ವೃದ್ಧ ಸ್ತ್ರೀಯೊಬ್ಬಳು ಕುಸಿದು ಕುಳಿತಿದ್ದಾಳೆ. ಕಿರೀಟ ಜಾರುತ್ತಿದೆ, ರಾಜದಂಡ ಮುರಿದಿದೆ. ಎರಡನೆಯದರಲ್ಲಿ ಯುವತಿಯೊಬ್ಬಳು ಮೃತ ಕ್ರಿಸ್ತನನ್ನು ಮೊಳಕಾಲುಗಳ ನಡುವೆ ಇರಿಸಿಕೊಂಡು ನೇರದೃಷ್ಟಿಯಿಂದ ಆಸೀನಳಾಗಿದ್ದಾಳೆ. ಈ ಜೋಡಿಪ್ರತಿಮೆ ಸಾರ್ಜೆಂಟನ ಕಲ್ಪನೆಯಲ್ಲ. ಸ್ಟ್ರಾಸ್‌ಬರ್ಗ್, ರೀಮ್ಸ್ ಮೊದಲಾದ ಮಧ್ಯಯುಗದ ಮಹಾದೇವಾಲಯಗಳ ಶಿಲ್ಪಗಳಲ್ಲಿ ಇದು ರೂಢಿಗತವಾಗಿತ್ತು. ಸಾರ್ಜೆಂಟನ ಸಮರ್ಥನೆಯೂ ಈ ಪೂರ್ವಪರಂಪರೆಯನ್ನೇ ಆಶ್ರಯಿಸಿತ್ತು.

ಬಾಸ್ಟನ್ನಿನ ಯೆಹೂದಿ ಸಮುದಾಯ ಇದನ್ನು ಬೇರೆಯಾಗಿ ಓದಿತು. ಪೂರ್ವ ಯೂರೋಪಿನ ಹಿಂಸೆಯಿಂದ ಪಾರಾಗಿ ಬಂದ ಅನೇಕ ಕುಟುಂಬಗಳು ಆ ನಗರದಲ್ಲಿ ನೆಲೆಸಿದ್ದವು. ಅವರ ಮಕ್ಕಳಿಗೆ ಗ್ರಂಥಾಲಯವೇ ಉನ್ನತ ವಿದ್ಯೆಯ ಬಾಗಿಲಾಗಿತ್ತು. ತಮ್ಮ ಧರ್ಮವು ಕುರುಡಾಗಿ, ಮುರಿದುಬಿದ್ದಿದೆಯೆಂದು ಸಾರುವ ಚಿತ್ರವನ್ನು ತಮ್ಮದೇ ತೆರಿಗೆಯ ಹಣದಿಂದ ನಡೆಯುವ ಕಟ್ಟಡದಲ್ಲಿ ಕಾಣಬೇಕಾಗಿ ಬಂದದ್ದು ಅವರ ಆಕ್ಷೇಪದ ತಿರುಳು. ಚರ್ಚಿನ ಗೋಡೆಯಲ್ಲಿ ಒಂದು ಮತದ ಆತ್ಮಪ್ರಶಂಸೆಯಾಗಿ ನಿಲ್ಲುವ ಪ್ರತಿಮೆ ಸಾರ್ವಜನಿಕ ಗ್ರಂಥಾಲಯದಲ್ಲಿ ನಗರದ ಅಧಿಕೃತ ಮಾತಾಗುತ್ತದೆ. ಪ್ರತಿಮೆ ಹಳೆಯದೇ ಆದರೂ ಸ್ಥಳ ಬದಲಾದುದರಿಂದ ಅದರ ಅರ್ಥವೂ ಬದಲಾಗಿತ್ತು.

ಆಡಳಿತ ಮಂಡಳಿಯು ಚಿತ್ರವನ್ನು ತೆಗೆಯಲು ಒಪ್ಪಲಿಲ್ಲ. ಒಮ್ಮೆ ಚಿತ್ರದ ಮೇಲೆ ಮಸಿ ಎರಚಿದ ಘಟನೆಯೂ ನಡೆಯಿತು. ಸಾರ್ವಜನಿಕ ಉದ್ದೇಶಕ್ಕಾಗಿ ಚಿತ್ರವನ್ನು ಸ್ವಾಧೀನಪಡಿಸಿಕೊಳ್ಳಲು ಅವಕಾಶ ನೀಡುವ ಕಾಯಿದೆಯನ್ನು ಮ್ಯಾಸಚೂಸೆಟ್ಸ್ ರಾಜ್ಯದ ಶಾಸನಸಭೆ 1922ರಲ್ಲಿ ಅಂಗೀಕರಿಸಿತು. ಅದರ ಸಾಂವಿಧಾನಿಕ ಸಿಂಧುತ್ವ ಪ್ರಶ್ನೆಗೊಳಗಾಗಿ 1924ರಲ್ಲಿ ರದ್ದಾಯಿತು. ಚಿತ್ರ ಸ್ಥಳದಲ್ಲಿಯೇ ಉಳಿಯಿತು. ಇದೇ ಗ್ರಂಥಾಲಯಕ್ಕೆ 1896ರಲ್ಲಿ ಮೆಕಿಮ್ ಕೊಡುಗೆಯಾಗಿ ನೀಡಿದ್ದ, ಫ್ರೆಡರಿಕ್ ಮ್ಯಾಕ್‌ಮನೀಸ್ ರಚಿಸಿದ ನಗ್ನ ಮದಿರಾನರ್ತಕಿಯ ಶಿಲ್ಪಕ್ಕೆ ನಗರದ ನೀತಿವಾದಿಗಳಿಂದ ವಿರೋಧ ಬಂದಾಗ, 1897ರಲ್ಲಿ ಮೆಕಿಮ್ ಅದನ್ನು ಹಿಂಪಡೆದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟಿದ್ದನು. ಎರಡು ಪ್ರಸಂಗಗಳ ಸ್ವರೂಪ ಭಿನ್ನವಾದರೂ, ಒಂದೇ ಕಟ್ಟಡದಲ್ಲಿ ಎರಡು ಬಗೆಯ ನೋವಿಗೆ ದೊರೆತ ಪರಿಹಾರಗಳನ್ನು ಹೋಲಿಸಿದಾಗ ‘ಎಲ್ಲರೂ’ ಎಂಬ ಪದದ ಇತಿಮಿತಿಗಳು ಗೋಚರಿಸುತ್ತವೆ.

6

ಸಾರ್ಜೆಂಟನ ಯೋಜನೆಯಲ್ಲಿ ಈ ಎರಡು ಚಿತ್ರಗಳೇ ಕೊನೆಯವಲ್ಲ. ಅವುಗಳ ನಡುವೆ, ಮೆಟ್ಟಿಲಿನ ಮೇಲಣ ವಿಶಾಲವಾದ ಜಾಗದಲ್ಲಿ, ಕ್ರಿಸ್ತನ ಪರ್ವತಪ್ರಸಂಗದ ಚಿತ್ರ ಬರಬೇಕಾಗಿತ್ತು. ವಿಧಿನಿಷೇಧ, ಮತಸಿದ್ಧಾಂತ, ಸಾಂಸ್ಥಿಕ ಅಧಿಕಾರಗಳನ್ನು ದಾಟಿ ವ್ಯಕ್ತಿಯ ಅಂತರಂಗದ ಶ್ರದ್ಧೆಯಲ್ಲಿ ಧರ್ಮವು ನೆಲೆಗೊಳ್ಳುವುದೇ ಅದರ ವಿಜಯವೆಂಬ ನಿರೂಪಣೆ ಅಲ್ಲಿ ಪೂರ್ಣವಾಗುತ್ತಿತ್ತು. ಅಮೆರಿಕದ ಕಲಾ ಇತಿಹಾಸಕಾರ್ತಿ ಸ್ಯಾಲಿ ಪ್ರೋಮಿ 1999ರಲ್ಲಿ ಪ್ರಕಟಿಸಿದ ಅಧ್ಯಯನ ಈ ಓದಿಗೆ ಬಲ ನೀಡಿತು. ಈ ದೃಷ್ಟಿಯಿಂದ ‘ಚರ್ಚ್’ ಕೂಡ ದಾಟಿಹೋಗಬೇಕಾದ ಒಂದು ಘಟ್ಟವೇ.

ಆದರೆ ಈ ವಾದದಿಂದ ಆಕ್ಷೇಪಣೆ ಇಲ್ಲವಾಗುವುದಿಲ್ಲ. ಎರಡು ಘಟ್ಟಗಳಲ್ಲಿ ಒಂದು ಮಾತ್ರ ಪತನದ ಭಂಗಿಯಲ್ಲಿದೆ; ಇನ್ನೊಂದು ಗಾಂಭೀರ್ಯದಿಂದ ಕುಳಿತಿದೆ. ಗಮ್ಯವಾದ ಅಂತರಂಗದ ಧರ್ಮವೂ ಕ್ರೈಸ್ತ ಪ್ರಸಂಗವೊಂದರಿಂದಲೇ ನಿರೂಪಿತವಾಗಬೇಕಾಗಿತ್ತು. ಲಂಡನ್ನಿನ ಯೆಹೂದಿ ಕಲಾವ್ಯಾಪಾರಿ ಆ್ಯಷರ್ ವರ್ತೈಮರನ ಕುಟುಂಬಕ್ಕಾಗಿ 1898ರಿಂದ 1908ರ ನಡುವೆ 12 ಭಾವಚಿತ್ರಗಳನ್ನು ಆತ್ಮೀಯತೆಯಿಂದ ರಚಿಸಿದ್ದ ಕಲಾವಿದನೇ ಈ ಪ್ರತಿಮೆಯ ಕರ್ತೃ. ಕಲಾವಿದನ ವೈಯಕ್ತಿಕ ಸೌಹಾರ್ದ ಒಂದು ಕಡೆ, ಅವನು ಎರವಲು ಪಡೆದ ಸಂಕೇತದ ಚಾರಿತ್ರಿಕ ಭಾರ ಮತ್ತೊಂದು ಕಡೆ. ಮೊದಲನೆಯದು ಎರಡನೆಯದನ್ನು ಹಗುರಗೊಳಿಸಲಾರದು.

ವಿವಾದದ ನಂತರ ಸಾರ್ಜೆಂಟ್ ‘ಸಿನಗಾಗ್’ ಚಿತ್ರವನ್ನು ತಿದ್ದಲಿಲ್ಲ. ಪರ್ವತಪ್ರಸಂಗವನ್ನು ಚಿತ್ರಿಸಲೂ ಇಲ್ಲ. 1884ರಲ್ಲಿ ಪಟ್ಟಿಯೊಂದನ್ನು ಮೇಲೇರಿಸಿ ಸಮಾಧಾನ ಹೇಳಿದ್ದ ಕೈ ಈಗ ಕೆಲಸವನ್ನೇ ನಿಲ್ಲಿಸಿತು. ಇದೇ ವರ್ಷಗಳಲ್ಲಿ ಅವನು ಹಾರ್ವರ್ಡ್ ವಿಶ್ವವಿದ್ಯಾಲಯದ ವೈಡ್ನರ್ ಗ್ರಂಥಾಲಯಕ್ಕೆ ಯುದ್ಧಸ್ಮಾರಕ ಚಿತ್ರಗಳನ್ನೂ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯಕ್ಕೆ ಪುರಾಣವಸ್ತುವಿನ ಭಿತ್ತಿಚಿತ್ರಗಳನ್ನೂ ರಚಿಸಿದ್ದರಿಂದ ಶಕ್ತಿ ಕುಂದಿದ್ದು ಇದಕ್ಕೆ ಕಾರಣವೆನ್ನಲಾಗದು. ಕಲಾಸಂಗ್ರಹಾಲಯದ ಕೊನೆಯ ಚಿತ್ರಗಳೊಂದಿಗೆ ಬಾಸ್ಟನ್ನಿಗೆ ಹೊರಡುವ ಸಿದ್ಧತೆಯಲ್ಲಿದ್ದಾಗ, 1925ರ ಏಪ್ರಿಲ್‌ನಲ್ಲಿ, ಲಂಡನ್ನಿನ ತನ್ನ ಮನೆಯಲ್ಲಿ ನಿದ್ರೆಯಲ್ಲಿಯೇ ನಿಧನನಾದನು. ಆಗ ಅವನ ವಯಸ್ಸು 69.

7

ಗ್ರಂಥಾಲಯದ ಈ ಚಿತ್ರಗಳನ್ನು 2003–04ರಲ್ಲಿ ಹಾರ್ವರ್ಡ್‌ನ ಸಂರಕ್ಷಣಾ ತಜ್ಞರು ಶುಚಿಗೊಳಿಸಿದರು. ದಶಕಗಳ ಕೊಳೆ ಕಳೆದು ಬಣ್ಣಗಳು ಮತ್ತೆ ಬೆಳಗಿದವು. ‘ಸಿನಗಾಗ್’ ತನ್ನ ಸ್ಥಳದಲ್ಲಿದೆ, ಅದರ ಪಕ್ಕದ ಜಾಗ ಬರಿದಾಗಿಯೇ ಇದೆ. ಸಂರಕ್ಷಣೆಯು ಇದ್ದುದನ್ನು ಉಳಿಸಬಲ್ಲದು. ಕಲಾವಿದ ಬಿಟ್ಟುಹೋದುದನ್ನು ತುಂಬಲಾರದು.

ಸಾರ್ಜೆಂಟನ ಭಿತ್ತಿಚಿತ್ರಗಳನ್ನು ಅವನ ಭಾವಚಿತ್ರಗಳಿಗಿಂತ ಕೆಳಗಿನ ಸ್ಥಾನದಲ್ಲಿಟ್ಟು ನೋಡುವ ವಿಮರ್ಶೆ ಬಹುಕಾಲ ಪ್ರಚಲಿತವಾಗಿತ್ತು. ಆ ತಾರತಮ್ಯವೇನೇ ಇರಲಿ, ಸಾರ್ವಜನಿಕ ಕಲೆಯ ಅಧ್ಯಯನಕ್ಕೆ ಬಾಸ್ಟನ್ನಿನ ಸಭಾಂಗಣ ಒದಗಿಸುವ ಸಾಮಗ್ರಿಯನ್ನು ಭಾವಚಿತ್ರಗಳು ಒದಗಿಸಲಾರವು. ಭಾವಚಿತ್ರಕ್ಕೆ ಹಣ ತೆತ್ತು ಒಡೆಯನಾಗುವವನೊಬ್ಬನಿರುತ್ತಾನೆ. ಗ್ರಂಥಾಲಯದ ಗೋಡೆಗೆ ಅಂಥ ಒಬ್ಬ ಒಡೆಯನಿಲ್ಲ. ಅಲ್ಲಿಗೆ ಬರುವ ಪ್ರತಿಯೊಬ್ಬ ಓದುಗನೂ ಚಿತ್ರದ ಅರ್ಥದಲ್ಲಿ ಪಾಲು ಕೇಳುತ್ತಾನೆ. ಸರ್ವರ ಅಂತರಂಗಕ್ಕೂ ಸಲ್ಲುವ ಧರ್ಮವನ್ನು ಚಿತ್ರಿಸಹೊರಟ ಕಲಾವಿದನು ಆ ಸರ್ವರಲ್ಲಿ ಒಂದು ಸಮುದಾಯವನ್ನು ಹಳೆಯ ಸಂಕೇತವೊಂದರ ಮೂಲಕ ಹೊರಗಿರಿಸಿದನು. ಆ ಸಮುದಾಯವು ತನ್ನ ಪಾಲಿನ ಓದನ್ನು ಮುಂದಿಟ್ಟಿತು. ಮೂರು ದಶಕಗಳ ಶ್ರಮದ ಕೊನೆಗೆ ಬರಿದಾಗಿ ಉಳಿದ ಜಾಗವು ಈ ಎರಡು ಓದುಗಳ ನಡುವಣ ಬಗೆಹರಿಯದ ವಾಗ್ವಾದದ ದಾಖಲೆಯಾಗಿದೆ. ಸಾರ್ಜೆಂಟನ ಜೀವನಚರಿತ್ರೆಯಲ್ಲಿ ಅವನು ಚಿತ್ರಿಸಿದ ನೂರಾರು ಮುಖಗಳಷ್ಟೇ ಪ್ರಾಮುಖ್ಯ ಈ ಬರಿಗೋಡೆಗೂ ಸಲ್ಲಬೇಕಾಗಿದೆ.